ಬತ್ತಿ ಆರಿದ ಮೇಲೆ ನೀರು ಏರಿದ್ದು ಯಾಕೆ?

ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ತಿಂಗಳು ಈ ಅಂಕಣದಲ್ಲಿ ಹೇಳಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಬಂದಿವೆ, ಜಾಸ್ತಿ ಶಿಕ್ಷಕರದ್ದೇ. ಕೆಲವರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಅಷ್ಟೇ.

ಪ್ರಶ್ನೆ: ಮೇಡಂ, ನಾನು ಜಗಳೂರು ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಪಿಯುಸಿಯಲ್ಲಿ ಆರ್ಟ್ಸ್ ಓದಿದವಳು. ಈಗ 5ನೇ ತರಗತಿಯ ಪರಿಸರ ಅಧ್ಯಯನ, 6ನೇ ತರಗತಿಯ ವಿಜ್ಞಾನ ಎರಡೂ ನನ್ನ ಪಾಲಿಗೆ ಬಂದಿವೆ. ಮೂರು ದಿನದ ತರಬೇತಿಗೂ ಹೋಗಿ ಬಂದೆ. ‘ಮಾಡಿ ಕಲಿಯುವುದು’ ಅನ್ನುವ ವಿಷಯದ ಮೇಲೆ ಮೂರೂ ದಿನ ಸ್ಲೈಡ್ ನೋಡಿದೆವು. ವಾಪಸ್ ಬಂದು ಧೈರ್ಯ ಮಾಡಿ ಒಂದು ಪ್ರಯೋಗ ಮಾಡಿದೆ. ತಟ್ಟೆಯ ನೀರಿನ ಮಧ್ಯೆ ಮೇಣದಬತ್ತಿ ಹಚ್ಚಿಟ್ಟು ಗಾಜಿನ ಲೋಟ ಮುಚ್ಚಿದೆ. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. ಆಮ್ಲಜನಕ ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು ಅಂತ ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು, ‘ಟೀಚರ್, ಬತ್ತಿ ಉರಿಯೋವಾಗ ನೀರು ಏರಲೇ ಇಲ್ಲ, ಆರಿದ ಮೇಲೆ ಏರ್ತು’ ಅಂದ. ಸುಮ್ನೆ ಕೂತ್ಕೋ ಅಂದುಬಿಟ್ಟೆ. ಆವತ್ತಿಂದ ಪ್ರಯೋಗ ಅಂದರೆ ಭಯ. ನಾನು ವಿಜ್ಞಾನ ಕಲಿಸಲು ಲಾಯಕ್ಕಾ?

ಉತ್ತರ: ಲಾಯಕ್ಕು. ಆ ಹುಡುಗನ ಮಾತನ್ನು ಮರೆಯದೆ, ಒಂದಕ್ಷರ ಬಿಡದೆ ನನಗೆ ಬರೆದು ಕಳಿಸಿದ್ದೀರಲ್ಲ, ಅದೇ ಸಾಕು.

ಆ ಹುಡುಗ ಸರಿಯಾಗಿ ನೋಡಿದ್ದಾನೆ. ಆಮ್ಲಜನಕ ಉರಿದುಹೋಗಿ ಜಾಗ ಖಾಲಿಯಾಗುವುದಾದರೆ ಬತ್ತಿ ಉರಿಯುತ್ತಿರುವಾಗಲೇ ನೀರು ನಿಧಾನಕ್ಕೆ ಏರಬೇಕಿತ್ತು, ಅಲ್ವಾ? ಹಾಗೆ ಆಗುವುದಿಲ್ಲ. ಬತ್ತಿ ಉರಿಯುವಾಗ ಆಮ್ಲಜನಕ ಸುಮ್ನೆ ಮಾಯವಾಗುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಹುಟ್ಟುತ್ತವೆ. ಅದೂ ಅಲ್ಲದೆ, ಲೋಟದೊಳಗಿನ ಆಮ್ಲಜನಕ ಪೂರ್ತಿ ಮುಗಿಯುವ ಮುಂಚೆಯೇ ಬತ್ತಿ ಆರಿಬಿಡುತ್ತದೆ. ನಿಜವಾದ ಕೆಲಸ ಬಿಸಿಯದ್ದು. ಜ್ವಾಲೆಯ ಶಾಖಕ್ಕೆ ಲೋಟದ ಗಾಳಿ ಹಿಗ್ಗುತ್ತದೆ, ಸ್ವಲ್ಪ ಗಾಳಿ ಹೊರಗೆ ಹೋಗುತ್ತದೆ. ಲೋಟ ಮುಚ್ಚುವಾಗ ಅಂಚಿನಲ್ಲಿ ಗುಳ್ಳೆ ಬಂದಿದ್ದನ್ನು ನೀವೂ ನೋಡಿರಬಹುದು. ಬತ್ತಿ ಆರಿದ ತಕ್ಷಣ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಆವಿಯೂ ನೀರಾಗುತ್ತದೆ. ಆಗ ಹೊರಗಿನ ಗಾಳಿ ತಟ್ಟೆಯ ನೀರನ್ನು ಒಳಕ್ಕೆ ತಳ್ಳುತ್ತದೆ.

ನಾಳೆಯೇ ತರಗತಿಗೆ ಹೋಗಿ ಆ ಹುಡುಗನನ್ನು ಮುಂದೆ ಕರೆಯಿರಿ. ‘ನೀನು ಹೇಳಿದ್ದು ನನ್ನ ತಲೆಯಲ್ಲೇ ಇದೆ ಕಣಪ್ಪ, ಬಾ ಮತ್ತೆ ನೋಡೋಣ’ ಅನ್ನಿ. ಒಂದು ತಟ್ಟೆಯಲ್ಲಿ ಒಂದು ಬತ್ತಿ, ಇನ್ನೊಂದರಲ್ಲಿ ಮೂರು ಬತ್ತಿ ಇಡಿ. ಎರಡಕ್ಕೂ ಒಂದೇ ಅಳತೆಯ ಲೋಟ. ನೀರು ಎಲ್ಲಿ ಜಾಸ್ತಿ ಏರುತ್ತದೆ ಅಂತ ಮೊದಲು ಕೈ ಎತ್ತಿಸಿ. ಆಮ್ಲಜನಕದ ಲೆಕ್ಕ ಸರಿಯಾಗಿದ್ದರೆ ಎರಡರಲ್ಲೂ ಒಂದೇ ಎತ್ತರಕ್ಕೆ ಏರಬೇಕು, ಯಾಕೆಂದರೆ ಎರಡೂ ಲೋಟದಲ್ಲಿ ಇರುವ ಗಾಳಿ ಒಂದೇ. ಆದರೆ ಮೂರು ಬತ್ತಿಯ ಲೋಟದಲ್ಲಿ ನೀರು ಮೇಲಕ್ಕೆ ಹೋಗಿರುತ್ತದೆ. ಆಮೇಲೆ ಬತ್ತಿಯೇ ಇಲ್ಲದೆ ಮಾಡಿ. ಲೋಟವನ್ನು ಬಿಸಿ ನೀರಲ್ಲಿ ಚೆನ್ನಾಗಿ ತೊಳೆದು ಬಿಸಿಬಿಸಿಯಾಗಿಯೇ ತಟ್ಟೆಯ ನೀರಿನ ಮೇಲೆ ಬೋರಲು ಹಾಕಿ. ಬೆಂಕಿ ಇಲ್ಲದಿದ್ದರೂ ನೀರು ಸ್ವಲ್ಪ ಏರುತ್ತದೆ. ಇಷ್ಟಾದ ಮೇಲೆ ನೀವು ವಿವರಿಸುವುದು ಜಾಸ್ತಿ ಏನೂ ಉಳಿಯುವುದಿಲ್ಲ, ಮಕ್ಕಳೇ ಹೇಳುತ್ತಾರೆ.

ನಾನೂ ಎಂಟು ವರ್ಷ ಇದೇ ತಪ್ಪನ್ನು ಹೇಳಿಕೊಟ್ಟಿದ್ದೇನೆ. ಹರಿಹರ ತಾಲೂಕಿನ ಹಳ್ಳಿ ಶಾಲೆಯಲ್ಲಿ ಇದ್ದಾಗ ‘ಐದನೇ ಒಂದು ಭಾಗ ಆಮ್ಲಜನಕ, ನೋಡಿ, ನೀರೂ ಐದನೇ ಒಂದು ಭಾಗ ಏರಿತು’ ಅಂತ ಅಳೆದು ಬೇರೆ ತೋರಿಸುತ್ತಿದ್ದೆ. ಒಂದು ಶಿಬಿರದಲ್ಲಿ ಹಿರಿಯರೊಬ್ಬರು ಏನೂ ಮಾತಾಡದೆ ನನ್ನ ಮುಂದೆ ಮೂರು ಬತ್ತಿ ಇಟ್ಟು ಬೆಂಕಿಪೆಟ್ಟಿಗೆ ಕೈಗೆ ಕೊಟ್ಟರು. ಆವತ್ತು ಗೊತ್ತಾಯಿತು. ಆ ಎಂಟು ವರ್ಷದ ಮಕ್ಕಳಿಗೆ ತಪ್ಪು ಹೇಳಿದೆನಲ್ಲ ಅನ್ನುವ ಬೇಸರ ಇವತ್ತಿಗೂ ಇದೆ.

ನಿಮ್ಮ ತರಬೇತಿಯ ಕೊರತೆಯೂ ಅಲ್ಲೇ ಇರುವುದು. ಮೂರು ದಿನದಲ್ಲಿ ಯಾರೂ ನಿಮ್ಮ ಕೈಗೆ ಬೆಂಕಿಪೆಟ್ಟಿಗೆ ಕೊಡಲಿಲ್ಲ. ಬೆಣ್ಣೆ ದೋಸೆ ಹೊಯ್ಯುವುದನ್ನು ಸ್ಲೈಡಿನಲ್ಲಿ ಎಷ್ಟು ಸಲ ತೋರಿಸಿದರೂ ಕಾವಲಿ ಮುಂದೆ ನಿಂತಾಗ ಹಿಟ್ಟು ಹರಡಲು ಬರುವುದಿಲ್ಲ. ಎರಡು ಸಲ ಹರಿದು, ಒಂದು ಸಲ ಸೀದು ಹೋದ ಮೇಲೆಯೇ ಕೈಗೆ ಹದ ಸಿಗುವುದು. ಶಿಕ್ಷಕರಿಗೂ ಹಾಗೆ ತಪ್ಪು ಮಾಡಿ ನೋಡಲು ಒಂದು ಜಾಗ ಬೇಕು, ಮಕ್ಕಳ ಮುಂದೆ ನಿಲ್ಲುವ ಮುಂಚೆಯೇ ಬೇಕು.

ಪ್ರಶ್ನೆ: ನಾನು ದಾವಣಗೆರೆ ತಾಲೂಕಿನ ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ). ಮುಂದಿನ ಸಮಾಲೋಚನಾ ಸಭೆಯಲ್ಲಿ ಇಡೀ ದಿನ ವಿಜ್ಞಾನ ಪಾಠದ ಮೇಲೆ ಕಾರ್ಯಾಗಾರ ನಡೆಸಬೇಕು. ಸುಮಾರು 30 ಜನ ಶಿಕ್ಷಕರು ಬರುತ್ತಾರೆ. ಬೆಳಗ್ಗೆ ಹುರುಪಿನಲ್ಲಿರುತ್ತಾರೆ, ಊಟ ಆದ ಮೇಲೆ ತೂಕಡಿಕೆ. ದುಡ್ಡೂ ಹೆಚ್ಚಿಲ್ಲ. ದಿನವನ್ನು ಹೇಗೆ ಜೋಡಿಸಲಿ?

ಉತ್ತರ: ಸರ್, ಮೊದಲನೆಯದಾಗಿ ಪ್ರೊಜೆಕ್ಟರ್ ತರಿಸಬೇಡಿ. ಸಾಲು ಕುರ್ಚಿ ತೆಗೆಸಿ, ಜಮಖಾನ ಹಾಸಿ, ನಾಲ್ಕೈದು ಜನರ ಗುಂಪು ಮಾಡಿ. ಒಂದೇ ಶಾಲೆಯವರು ಒಂದೇ ಗುಂಪಿನಲ್ಲಿ ಬೇಡ. ಉದ್ಘಾಟನೆ, ಸ್ವಾಗತ ಎಲ್ಲಾ ಹತ್ತು ನಿಮಿಷಕ್ಕೆ ಮುಗಿಯಲಿ.

ಚಹಾದ ಜೊತೆ ಮಂಡಕ್ಕಿ ಮೆಣಸಿನಕಾಯಿ ಹೇಗಿದ್ದರೂ ತರಿಸುತ್ತೀರಿ. ತಿನ್ನುವ ಮುಂಚೆ ಪ್ರತಿ ಗುಂಪಿಗೆ ಒಂದು ಹಿಡಿ ಮಂಡಕ್ಕಿ ಕೊಟ್ಟು ಕೇಳಿ: ಅಕ್ಕಿ ಕಾಳು ಇಷ್ಟು ದಪ್ಪ ಹೇಗಾಯಿತು? ನಮ್ಮೂರಲ್ಲಿ ಮಂಡಕ್ಕಿ ಭಟ್ಟಿ ನೋಡದವರು ಕಡಿಮೆ. ಆದರೂ ಉತ್ತರ ಒಂದೇ ಬರುವುದಿಲ್ಲ. ಗಾಳಿ ತುಂಬಿತು ಅನ್ನುವವರು, ಮರಳಿನ ಬಿಸಿ ಅನ್ನುವವರು, ಉಪ್ಪಿನಿಂದ ಅನ್ನುವವರು ಎಲ್ಲಾ ಇರುತ್ತಾರೆ. ಯಾವುದನ್ನೂ ತಪ್ಪು ಅನ್ನಬೇಡಿ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಿರಿ. ನಂತರ ಇನ್ನೊಂದು ಪ್ರಶ್ನೆ ಕೇಳಿ: ಉಬ್ಬಿದ ಮೇಲೆ ಕಾಳಿನ ತೂಕ ಹೆಚ್ಚಾಗುತ್ತದಾ, ಕಡಿಮೆಯಾಗುತ್ತದಾ, ಅಷ್ಟೇ ಇರುತ್ತದಾ? ಇಲ್ಲಿ ಗುಂಪಿನೊಳಗೇ ಜಗಳ ಶುರುವಾಗುತ್ತದೆ. ಆಗಲಿ ಬಿಡಿ.

ಶಾಲೆಯಲ್ಲಿ ಭತ್ತ ನೆನೆಸಿ, ಬೇಯಿಸಿ, ಒಣಗಿಸಿ ಮಂಡಕ್ಕಿ ಹುರಿಯಲು ಆಗುವುದಿಲ್ಲ. ಹಾಗಾಗಿ ಪಾಪ್‌ಕಾರ್ನಿನ ಮೆಕ್ಕೆಜೋಳ ತನ್ನಿ, ಅರ್ಧ ಕೆಜಿ ಸಾಕು. ಜೊತೆಗೆ ಹೊಲದ ಮೆಕ್ಕೆಜೋಳ ಒಂದು ಹಿಡಿ, ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ. ಒಂದು ಗುಂಪು ಪಾಪ್‌ಕಾರ್ನ್ ಕಾಳನ್ನು ಹಾಗೇ ಹುರಿಯಲಿ. ಇನ್ನೊಂದು ಗುಂಪು ಒಂದೊಂದು ಕಾಳಿನ ಸಿಪ್ಪೆಯನ್ನೂ ಚಾಕುವಿನಿಂದ ಸೀಳಿ ಹುರಿಯಲಿ. ಮತ್ತೊಂದು ಗುಂಪಿಗೆ ಹೊಲದ ಜೋಳ. ಹುರಿಯುವ ಮುಂಚೆ, ಆಮೇಲೆ ತೂಕ ಮಾಡಲಿ. ಹತ್ತಿರದ ಕಿರಾಣಿ ಅಂಗಡಿಯವರು ಎಲೆಕ್ಟ್ರಾನಿಕ್ ತಕ್ಕಡಿಯನ್ನು ಒಂದು ದಿನಕ್ಕೆ ಕೊಡುತ್ತಾರೆ, ಕೇಳಿ ನೋಡಿ.

ಸೀಳಿದ ಕಾಳು ಸರಿಯಾಗಿ ಅರಳುವುದಿಲ್ಲ. ಹೊಲದ ಜೋಳ ಹೆಚ್ಚಾಗಿ ಸುಮ್ನೆ ಕರಕಲಾಗುತ್ತದೆ. ಅರಳಿದ ಕಾಳಿನ ತೂಕ ಕಡಿಮೆಯಾಗಿರುತ್ತದೆ. ಈಗ ಯಾಕೆ ಅಂತ ಗುಂಪುಗಳೇ ಮಾತಾಡಿಕೊಳ್ಳಲಿ. ಕಾಳಿನೊಳಗೆ ಸ್ವಲ್ಪ ನೀರು ಇರುತ್ತದೆ. ನೀರು ಆವಿಯಾದರೆ ಅದಕ್ಕೆ ಸುಮಾರು 1600 ಪಟ್ಟು ಜಾಗ ಬೇಕು. ಗಟ್ಟಿ ಸಿಪ್ಪೆ ಜಾಗ ಕೊಡುವುದಿಲ್ಲ, ಒತ್ತಡ ಏರುತ್ತಾ ಹೋಗುತ್ತದೆ. ಸುಮಾರು 180 ಡಿಗ್ರಿ ಹೊತ್ತಿಗೆ ಸಿಪ್ಪೆ ಒಡೆದು, ಒಳಗಿನ ಮೆತ್ತಗಾದ ಹಿಟ್ಟು ನೊರೆಯ ಹಾಗೆ ಉಬ್ಬಿ ಹಾಗೇ ಗಟ್ಟಿಯಾಗುತ್ತದೆ. ಸಿಪ್ಪೆ ಸೀಳಿದ್ದರೆ ಆವಿ ಮೊದಲೇ ಸೋರಿಹೋಗುತ್ತದೆ. ತೂಕ ಕಡಿಮೆಯಾಗಿದ್ದೂ ಆವಿ ಹೊರಗೆ ಹೋಗಿದ್ದರಿಂದಲೇ. ಭಟ್ಟಿಯಲ್ಲಿ ಕಾದ ಮರಳು ಅಕ್ಕಿಯ ಎಲ್ಲಾ ಕಡೆಗೂ ಒಮ್ಮೆಗೇ ಬಿಸಿ ಮುಟ್ಟಿಸುತ್ತದೆ, ಒಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಕಾಳು ಉಬ್ಬುತ್ತದೆ. ಈ ವಿವರಣೆ ನಿಮಗೆ ಗೊತ್ತಿದ್ದರೂ ಮೊದಲೇ ಹೇಳಬೇಡಿ. ಹೇಳಿದಿರೋ, ಆಮೇಲೆ ಹುರಿಯುವುದು ಬರೀ ಅಡುಗೆ ಆಗುತ್ತದೆ.

ಇದು ನಾನು ಕಂಡುಹಿಡಿದ ದಾರಿಯೇನಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ, ಅಂದರೆ ಈಗಿನ ನರ್ಮದಾಪುರಂ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನುವ ಎರಡು ಸಂಸ್ಥೆಗಳು ಹೀಗೆ ವಿಜ್ಞಾನ ಕಲಿಸಲು ಶುರು ಮಾಡಿದವು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. 6ರಿಂದ 8ನೇ ತರಗತಿಯ ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಿನಲ್ಲಿ ಕೂತು ಪ್ರಯೋಗ ಮಾಡಿಯೇ ಕಲಿಯುತ್ತಿದ್ದರು. ಪುಸ್ತಕ ನೋಡಿಕೊಂಡು ಪರೀಕ್ಷೆ ಬರೆಯುತ್ತಿದ್ದರು. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಅವರ ಶಿಕ್ಷಕರ ತರಬೇತಿ. ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಶಿಕ್ಷಕರು ಮಕ್ಕಳ ಹಾಗೇ ಗುಂಪಿನಲ್ಲಿ ಕೂತು ಪುಸ್ತಕದ ಪ್ರಯೋಗಗಳನ್ನು ತಾವೇ ಮಾಡುತ್ತಿದ್ದರು. ವಿಶ್ವವಿದ್ಯಾಲಯಗಳಿಂದ, ಸಂಶೋಧನಾ ಸಂಸ್ಥೆಗಳಿಂದ ಬಂದ ವಿಜ್ಞಾನಿಗಳು ಪಕ್ಕದಲ್ಲಿ ಕೂತು ವಾದ ಮಾಡುತ್ತಿದ್ದರು. ಶಾಲೆ ಶುರುವಾದ ಮೇಲೆ ತಿಂಗಳಿಗೊಮ್ಮೆ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಅಂತ ಮಾತಾಡುತ್ತಿದ್ದರು. 2002ರಲ್ಲಿ ಅಲ್ಲಿನ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದಿದ್ದು ಸುಳ್ಳಾಗುವುದಿಲ್ಲ. ಆ ತಿಂಗಳ ಸಭೆ ಇತ್ತಲ್ಲ, ನಿಮ್ಮ ಸಮಾಲೋಚನಾ ಸಭೆಯೂ ಅಂಥದ್ದೇ ಆಗಬಹುದು. ಜಾಗ ಇದೆ, ದಿನ ಇದೆ, ಜನ ಇದ್ದಾರೆ. ಅಲ್ಲಿ ಸುತ್ತೋಲೆ ಓದುವುದೇ ಜಾಸ್ತಿ ಆಗಿಬಿಟ್ಟಿದೆ.

ಈಗ ಮಧ್ಯಾಹ್ನದ ತೂಕಡಿಕೆಗೆ ಬರೋಣ. ಊಟ ಆದ ಮೇಲೆ ಅದೇ ಶಾಲೆಯ 5ನೇ ತರಗತಿಯ ಇಪ್ಪತ್ತು ಮಕ್ಕಳನ್ನು ಒಳಗೆ ಕರೆಯಿರಿ. ಮೂವರು ಶಿಕ್ಷಕರು ಅವರಿಗೆ ಇದೇ ಕಾಳು ಹುರಿಯುವ ಪಾಠ ಮಾಡಲಿ. ಒಲೆ ಹತ್ತಿರ ಶಿಕ್ಷಕರೇ ಇರಬೇಕು, ಬಿಸಿ ಬಾಣಲೆ ಮಕ್ಕಳ ಕೈಗೆ ಬೇಡ. ಉಳಿದವರು ಹಿಂದೆ ಕೂತು ಮಕ್ಕಳು ಆಡುವ ಮಾತನ್ನಷ್ಟೇ ಬರೆದುಕೊಳ್ಳಲಿ. ಪಾಠ ಮಾಡಿದವರ ತಪ್ಪು ಹುಡುಕುವ ಹಾಗಿಲ್ಲ, ಇದನ್ನು ಮೊದಲೇ ಗಟ್ಟಿಯಾಗಿ ಹೇಳಿ. ಮಕ್ಕಳು ಹೋದ ಮೇಲೆ ಬರೆದುಕೊಂಡಿದ್ದನ್ನು ಒಬ್ಬೊಬ್ಬರಾಗಿ ಓದಲಿ. ‘ಒಳಗಿರೋ ನೀರು ಹೊರಗೆ ಬರಕ್ಕೆ ಒದೀತದೆ’ ಅಂತ ಒಂದು ಮಗು ಅಂದಿತ್ತು, ನಾನು ನಡೆಸಿದ ಒಂದು ಕಾರ್ಯಾಗಾರದಲ್ಲಿ. ಆ ಸಾಲು ಓದಿದ ಮೇಷ್ಟ್ರ ದನಿ ಸ್ವಲ್ಪ ನಡುಗಿತು. ಯಾರೂ ತೂಕಡಿಸುತ್ತಿರಲಿಲ್ಲ.

ಕೊನೆಗೆ ಒಂದು ಮಾತು, ಇದನ್ನು ಬಿಟ್ಟರೆ ಉಳಿದಿದ್ದೆಲ್ಲಾ ವ್ಯರ್ಥ. ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಇರಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಗಂಟೆಯ ಲೆಕ್ಕ ತುಂಬುವುದು ಕಷ್ಟವಲ್ಲ. ತರಬೇತಿ ಆದ ಎರಡು ವಾರದಲ್ಲಿ ನೀವು ಆ ಶಿಕ್ಷಕರ ತರಗತಿಗೆ ಹೋಗಬೇಕು. ಪಾಠ ಯೋಜನೆ ತೋರಿಸಿ ಅನ್ನಲು ಹೋಗಬೇಡಿ. ಒಂದು ಗುಂಪಿನ ಮಕ್ಕಳ ಜೊತೆ ಕೆಳಗೆ ಕೂತು ನೀವೂ ಕೈಜೋಡಿಸಿ. ವಾಟ್ಸಾಪ್ ಗುಂಪಿಗೆ ಪ್ರಯೋಗದ ಫೋಟೋ ಹಾಕಿ ಅನ್ನುವುದನ್ನೂ ದಯವಿಟ್ಟು ನಿಲ್ಲಿಸಿ. ಫೋಟೋ ಕೇಳಿದರೆ ಫೋಟೋಗೆ ಬೇಕಾದಷ್ಟೇ ಪ್ರಯೋಗ ನಡೆಯುತ್ತದೆ. ಅದರ ಬದಲು ‘ಈ ವಾರ ನಿಮ್ಮ ತರಗತಿಯ ಮಗು ಕೇಳಿದ ಒಂದು ಪ್ರಶ್ನೆ ಬರೆಯಿರಿ’ ಅನ್ನಿ.

ಪ್ರಶ್ನೆ: ನಾನು ಚಿತ್ರದುರ್ಗ ನಗರದ ಒಂದು ಶಾಲೆಯ ಮುಖ್ಯ ಶಿಕ್ಷಕ. ನಮ್ಮ ಹೊಸ ಟೀಚರ್ ದಿನಾ ಏನಾದರೊಂದು ಚಟುವಟಿಕೆ ಮಾಡಿಸುತ್ತಾರೆ. ತರಗತಿಯಲ್ಲಿ ಗದ್ದಲ. ಎಫ್ಎ, ಎಸ್ಎ ಪರೀಕ್ಷೆ ತಲೆ ಮೇಲಿದೆ, ಪಾಠ ಮುಗಿದಿಲ್ಲ. ಪೋಷಕರೂ ‘ಬರೀ ಆಟ ಆಡಿಸ್ತಾರೆ’ ಅನ್ನುತ್ತಾರೆ. ಅವರ ಉತ್ಸಾಹಕ್ಕೆ ಅಡ್ಡ ಬರಲು ಇಷ್ಟವಿಲ್ಲ. ಏನು ಹೇಳಲಿ?

ಉತ್ತರ: ನಿಮ್ಮ ಕಾಳಜಿ ಸರಿ ಇದೆ ಸರ್. ಚಟುವಟಿಕೆ ಜಾಸ್ತಿ ಆದಷ್ಟೂ ಕಲಿಕೆ ಜಾಸ್ತಿ ಅಂತೇನಿಲ್ಲ. ಅಡುಗೆ ಸೋಡಾಕ್ಕೆ ನಿಂಬೆರಸ ಹಾಕಿ ಜ್ವಾಲಾಮುಖಿ ಅಂತ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮಾರನೇ ದಿನ ಕೇಳಿದರೆ ‘ನೊರೆ ಬಂತು’ ಅನ್ನುತ್ತಾರೆ, ಅಷ್ಟೇ. ಜ್ವಾಲಾಮುಖಿಯಲ್ಲಿ ಸೋಡಾ ಇರುತ್ತದೆ ಅಂತ ತಿಳಿದುಕೊಂಡ ಮಕ್ಕಳನ್ನೂ ನೋಡಿದ್ದೇನೆ. ಕೈ ಮಾತ್ರ ಆಡಿದರೆ ಸಾಲದು.

ಹಾಗಾಗಿ ನಿಮ್ಮ ಟೀಚರಿಗೆ ಕಡಿಮೆ ಮಾಡಿ ಅನ್ನಬಹುದು, ಬಿಡಿ ಅನ್ನಬೇಡಿ. ಒಂದು ಪಾಠಕ್ಕೆ ಒಂದು ಒಳ್ಳೆಯ ಪ್ರಯೋಗ ಸಾಕು. ತೇಲುವುದು ಮುಳುಗುವುದು ಪಾಠವನ್ನೇ ನೋಡಿ. ಹತ್ತು ವಸ್ತು ನೀರಿಗೆ ಹಾಕಿಸಿ ಪಟ್ಟಿ ಬರೆಸುವ ಬದಲು ಒಂದು ನಿಂಬೆಹಣ್ಣು ತನ್ನಿ. ಅದು ತೇಲುತ್ತದೆ. ಸಿಪ್ಪೆ ಪೂರ್ತಿ ಸುಲಿದು ಹಾಕಿದರೆ ಏನಾಗುತ್ತದೆ? ಸುಲಿದರೆ ಹಗುರವಾಗುತ್ತದಲ್ಲ, ಇನ್ನೂ ಚೆನ್ನಾಗಿ ತೇಲುತ್ತದೆ ಅಂತ ಹೆಚ್ಚು ಮಕ್ಕಳು ಹೇಳುತ್ತಾರೆ. ಹಾಕಿ ನೋಡಿದರೆ ಮುಳುಗುತ್ತದೆ. ಸಿಪ್ಪೆಯ ಬಿಳಿ ಭಾಗದಲ್ಲಿ ಸಣ್ಣ ಸಣ್ಣ ಗಾಳಿ ಗೂಡುಗಳಿವೆ, ಅದನ್ನು ತೆಗೆದುಬಿಟ್ಟೆವು. ‘ಭಾರದ್ದು ಮುಳುಗುತ್ತದೆ, ಹಗುರದ್ದು ತೇಲುತ್ತದೆ’ ಅನ್ನುವ ನಂಬಿಕೆ ಒಂದು ನಿಂಬೆಹಣ್ಣಿಗೆ ಅಲುಗಾಡುತ್ತದೆ. ಖರ್ಚು ಐದೋ ಹತ್ತೋ ರೂಪಾಯಿ, ಸಮಯ ಒಂದು ಪೀರಿಯಡ್.

ಗದ್ದಲದ ವಿಷಯ. ಒಂದು ದಿನ ಬಾಗಿಲ ಹತ್ತಿರ ನಿಂತು ಮಕ್ಕಳು ಏನು ಮಾತಾಡುತ್ತಿದ್ದಾರೆ ಅಂತ ಕೇಳಿಸಿಕೊಳ್ಳಿ. ‘ನಂದು ಮುಳುಗ್ತು, ನಿಂದ್ಯಾಕೆ ಮುಳುಗ್ಲಿಲ್ಲ’ ಅನ್ನುವ ಗದ್ದಲ ಆದರೆ ಬಾಗಿಲು ಮುಂದೆ ಮಾಡಿ ಬಂದುಬಿಡಿ. ಸಿನಿಮಾ ಮಾತು ಆದರೆ ಒಳಗೆ ಹೋಗಿ. ಪೋಷಕರನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ದಿನ ಹತ್ತು ನಿಮಿಷ ಕೂರಿಸಿ ಅದೇ ನಿಂಬೆಹಣ್ಣು ಕೈಗೆ ಕೊಡಿ. ಅವರೂ ಮೊದಲು ತಪ್ಪು ಹೇಳುತ್ತಾರೆ. ಆಮೇಲೆ ಆಟ ಅನ್ನುವುದಿಲ್ಲ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಡಿ.ಎಲ್.ಎಡ್, ಅಂದರೆ ಶಿಕ್ಷಕರ ತರಬೇತಿ ಕೋರ್ಸ್ ಓದುತ್ತಿದ್ದೇನೆ. ಅಭ್ಯಾಸ ಪಾಠಕ್ಕೆ ಹೋದಾಗ ಒಬ್ಬಳು ಹುಡುಗಿ ‘ಸರ್, ಹಲ್ಲಿ ಗೋಡೆ ಮೇಲಿಂದ ಯಾಕೆ ಬೀಳಲ್ಲ?’ ಅಂದಳು. ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಮಕ್ಕಳು ಮರ್ಯಾದೆ ಕೊಡುತ್ತಾರಾ ಮೇಡಂ?

ಉತ್ತರ: ಕೊಡುತ್ತಾರಪ್ಪ. ‘ಗೊತ್ತಿಲ್ಲ’ ಅಂತ ನಿಲ್ಲಿಸಬೇಡ, ‘ಹೇಗೆ ತಿಳಿದುಕೊಳ್ಳೋಣ’ ಅನ್ನುವುದನ್ನೂ ಸೇರಿಸು. ಮೇಲೆ ಹೋಶಂಗಾಬಾದಿನ ವಿಷಯ ಹೇಳಿದೆನಲ್ಲ, ಅಲ್ಲಿ ಸವಾಲೀರಾಮ್ ಅನ್ನುವ ಒಬ್ಬ ಕಾಲ್ಪನಿಕ ವ್ಯಕ್ತಿ ಇದ್ದ. ಮಕ್ಕಳು ಅವನಿಗೆ ಪತ್ರ ಬರೆದು ಏನು ಬೇಕಾದರೂ ಕೇಳಬಹುದಿತ್ತು. ಅವನ ಹೆಸರಲ್ಲಿ ಉತ್ತರವೂ ಹೋಗುತ್ತಿತ್ತು. ನೀನೂ ತರಗತಿಯ ಗೋಡೆಗೆ ಒಂದು ಖಾಲಿ ಹಾಳೆ ಅಂಟಿಸು. ಉತ್ತರ ಸಿಗದ ಪ್ರಶ್ನೆಗಳೆಲ್ಲಾ ಮಗುವಿನ ಹೆಸರಿನ ಜೊತೆ ಅಲ್ಲಿ ಸೇರಲಿ.

ಹಲ್ಲಿಯ ಉತ್ತರ ಇದು: ಅದರ ಬೆರಳುಗಳ ಅಡಿಯಲ್ಲಿ ಲಕ್ಷಗಟ್ಟಲೆ ಅತಿ ಸಣ್ಣ ಕೂದಲುಗಳಿವೆ, ಒಂದೊಂದರ ತುದಿಯೂ ಇನ್ನೂ ಸಣ್ಣದಾಗಿ ಸೀಳಿದೆ. ಅವು ಗೋಡೆಗೆ ಎಷ್ಟು ಹತ್ತಿರ ಹೋಗುತ್ತವೆ ಅಂದರೆ ಅಣುಗಳ ನಡುವಿನ ಸೆಳೆತವೇ ಹಿಡಿದುಕೊಳ್ಳುತ್ತದೆ. ಅಂಟು ಇಲ್ಲ. ಇದನ್ನು ಹೇಳುವ ಮುಂಚೆ ಒಂದು ವಾರ ಅವಳಿಗೆ ಹಲ್ಲಿ ನೋಡುವ ಕೆಲಸ ಕೊಡು. ಒದ್ದೆ ಗೋಡೆ ಮೇಲೆ ಹೇಗೆ ಹೋಗುತ್ತದೆ, ಗಾಜಿನ ಮೇಲೆ ಹೇಗೆ, ಕಾಲು ಎತ್ತುವಾಗ ಬೆರಳು ಹೇಗೆ ಮಡಚುತ್ತದೆ, ಇಷ್ಟು ನೋಡಿ ಬರಲಿ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನ ಮಗಳು 4ನೇ ತರಗತಿ. ವಿಜ್ಞಾನ ಪ್ರದರ್ಶನಕ್ಕೆ ಮಾಡೆಲ್ ಬೇಕು ಅಂತ ಶಾಲೆಯಲ್ಲಿ ಹೇಳಿದ್ದಾರೆ. ಸ್ಟೇಷನರಿ ಅಂಗಡಿಯಲ್ಲಿ ರೆಡಿ ಥರ್ಮಾಕೋಲ್ ಮಾಡೆಲ್ ಸಿಗುತ್ತದೆ. ಕೊಡಿಸಲಾ?

ಉತ್ತರ: ಬೇಡಮ್ಮ. ಮಗಳ ಟೀಚರ್ ಹತ್ತಿರ ಹೋಗಿ ಒಂದೇ ಮಾತು ಕೇಳಿ: ‘ಇವಳೇ ಮಾಡಿದ್ದು ಸೊಟ್ಟಗಿದ್ದರೂ ನಡೆಯುತ್ತದಾ?’ ಮೂರು ಲೋಟದಲ್ಲಿ ಹೆಸರುಕಾಳು ಇಡಲಿ. ಒಂದಕ್ಕೆ ನೀರಿಲ್ಲ, ಒಂದಕ್ಕೆ ಒದ್ದೆ ಬಟ್ಟೆ, ಒಂದು ನೀರಲ್ಲಿ ಪೂರ್ತಿ ಮುಳುಗಿರಲಿ. ದಿನಾ ಏನಾಯಿತು ಅಂತ ಅವಳ ಅಕ್ಷರದಲ್ಲೇ ಬರೆಯಲಿ. ಆ ಹಾಳೆಯನ್ನೇ ಪ್ರದರ್ಶನಕ್ಕೆ ಒಯ್ಯಲಿ.

ಪ್ರಶ್ನೆ: ಚಳ್ಳಕೆರೆ ತಾಲೂಕಿನ ಶಿಕ್ಷಕ ನಾನು. ನಮ್ಮ ಶಾಲೆಗೆ ವಿಜ್ಞಾನ ಕಿಟ್ ಬಂದಿದೆ, ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರೆ. ಒಡೆದರೆ ಯಾರು ಕಟ್ಟಿಕೊಡುವುದು ಅನ್ನುತ್ತಾರೆ. ಇನ್ನೊಂದು ವಿಷಯ, ನಮ್ಮ ತಾಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಅಲ್ಲಿ ಹೈಸ್ಕೂಲು, ಪಿಯು ಶಿಕ್ಷಕರಿಗೆ ಒಳ್ಳೆಯ ತರಬೇತಿ ಕೊಡುತ್ತಾರೆ. ನಮ್ಮಂಥವರಿಗೆ?

ಉತ್ತರ: ಬೀಗದ ಬಗ್ಗೆ ನಿಮ್ಮ ಹೆಡ್ ಮೇಷ್ಟ್ರ ಭಯವೂ ನಿಜವೇ. ದಾಸ್ತಾನು ಪುಸ್ತಕದಲ್ಲಿ ಒಂದು ಲೆನ್ಸ್ ಕಡಿಮೆ ಬಂದರೆ ಉತ್ತರ ಹೇಳಬೇಕಾದವರು ಅವರು. ‘ಬಳಕೆಯಲ್ಲಿ ಒಡೆದದ್ದು’ ಅಂತ ಬರೆದು ಸಹಿ ಹಾಕಲು ಎಸ್‌ಡಿಎಂಸಿಯಿಂದ ಒಂದು ಠರಾವು ಮಾಡಿಸಿಕೊಳ್ಳಿ, ಅವರಿಗೂ ಧೈರ್ಯ ಬರುತ್ತದೆ. ಅಲ್ಲಿಯವರೆಗೆ ಕಾಯಬೇಡಿ. ಐಐಟಿ ಕಾನ್ಪುರದಲ್ಲಿ ಎಂಜಿನಿಯರಿಂಗ್ ಓದಿದ ಅರವಿಂದ್ ಗುಪ್ತಾ ಅವರು 1978ರಲ್ಲಿ ಅದೇ ಹೋಶಂಗಾಬಾದಿಗೆ ಹೋಗಿ, ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬ್ ತುಂಡುಗಳಿಗೆ ಸಿಕ್ಕಿಸಿ ತ್ರಿಕೋನ, ಚೌಕ, ಗೋಪುರ ಎಲ್ಲಾ ಮಾಡಿ ತೋರಿಸಿದರು. ತ್ರಿಕೋನ ಅಲುಗಾಡುವುದಿಲ್ಲ, ಚೌಕ ವಾಲುತ್ತದೆ. ಸೈಕಲ್ ಶಾಪಿನಲ್ಲಿ ಸಿಗುವ ಸಾ‌ಮಾನಿನಲ್ಲೇ ಇಷ್ಟು ಗೊತ್ತಾಗುತ್ತದೆ.

ತರಬೇತಿಯ ಬಗ್ಗೆ ನಿಮ್ಮ ಪ್ರಶ್ನೆ ನನ್ನದೂ ಹೌದು. ಹತ್ತು ವರ್ಷದ ಮಗುವಿಗೆ ಗಾಳಿಗೂ ತೂಕ ಇದೆ ಅಂತ ಮನದಟ್ಟು ಮಾಡುವುದು ಪಿಯುಸಿ ಪಾಠಕ್ಕಿಂತ ಸುಲಭವೇನಲ್ಲ. ಪ್ರಾಥಮಿಕ ಶಿಕ್ಷಕರಿಗೂ ಅಂಥ ಲ್ಯಾಬಿನಲ್ಲಿ ಕೂತು ಕೆಲಸ ಮಾಡುವ ಅವಕಾಶ ಸಿಗಬೇಕು. ನಿಮ್ಮ ಕ್ಲಸ್ಟರಿನ ಎಲ್ಲರೂ ಸಹಿ ಹಾಕಿ ತಾಲೂಕಿನ ಸಂಪನ್ಮೂಲ ಕೇಂದ್ರಕ್ಕೂ (ಬಿಆರ್‌ಸಿ) ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಗೂ (ಡಯಟ್) ಒಂದು ಮನವಿ ಕೊಡಿ. ಒಬ್ಬರೇ ಕೇಳಬೇಡಿ.

ಪ್ರಶ್ನೆ: ಹೊಳಲ್ಕೆರೆ ತಾಲೂಕಿನ ಕಿರಿಯ ಪ್ರಾಥಮಿಕ ಶಾಲೆ. ನಾವು ಇಬ್ಬರೇ ಶಿಕ್ಷಕಿಯರು, 1ರಿಂದ 5ರವರೆಗೆ ತರಗತಿ. 3ನೇ ತರಗತಿವರೆಗೆ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ನಲಿಕಲಿಯನ್ನು ಒಬ್ಬರು ನೋಡಿಕೊಳ್ಳುತ್ತಾರೆ, 4 ಮತ್ತು 5 ನನಗೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾಡುವಂಥ ಪ್ರಯೋಗ ಏನಾದರೂ ಇದೆಯಾ? ಸಾಮಾನು ಏನೂ ಬೇಡದಿದ್ದರೆ ಒಳ್ಳೆಯದು.

ಉತ್ತರ: ನೆರಳು ಇದೆಯಲ್ಲ ಮೇಡಂ! ಶಾಲೆ ಶುರುವಾದ ಜೂನ್‌ನಿಂದಲೇ ಮಾಡಿ.

ಅಂಗಳದಲ್ಲಿ ಸಮತಟ್ಟು ಜಾಗ ನೋಡಿ ನೆಲದ ಮೇಲೆ 1 ಮೀಟರ್ ಉಳಿಯುವ ಹಾಗೆ ಒಂದು ಕೋಲು ನೆಟ್ಟಗೆ ಹುಗಿಯಿರಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ನೆಟ್ಟಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ವಾರಕ್ಕೊಂದು ದಿನ, ಮಧ್ಯಾಹ್ನ 12ರಿಂದ 1 ಗಂಟೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದು ಗುರುತು ಹಾಕಿಸಿ. ಚಿಕ್ಕ ಮಕ್ಕಳು ಒಬ್ಬರ ನೆರಳನ್ನು ಒಬ್ಬರು ಸುಣ್ಣದಲ್ಲಿ ಗೀಚಲಿ. 4, 5ನೆಯವರು ಅಳೆದು ಬರೆಯಲಿ. ನೆರಳು ತೀರಾ ಚಿಕ್ಕದಾಗುವುದು 12 ಗಂಟೆಗಲ್ಲ, ಹನ್ನೆರಡೂವರೆಯ ಹತ್ತಿರ ಅಂತ ಮಕ್ಕಳೇ ಹೇಳುತ್ತಾರೆ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕಕ್ಕೆ, ನಾವಿರುವುದು ಅದರಿಂದ ಆರು ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ ತಡ.

ಜೂನ್ 21ರ ಸುಮಾರಿಗೆ ಆ ನಡು ಹಗಲಿನ ನೆರಳು ಸುಮಾರು 16 ಸೆಂಟಿಮೀಟರ್ ಇರುತ್ತದೆ, ಅದೂ ದಕ್ಷಿಣಕ್ಕೆ ಬಿದ್ದಿರುತ್ತದೆ. ಆಗ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ವಾರ ವಾರ ಅದು ಚಿಕ್ಕದಾಗುತ್ತಾ ಬರುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಉತ್ತರಕ್ಕೆ ತಿರುಗಿ ಸುಮಾರು 77 ಸೆಂಟಿಮೀಟರ್ ಆಗಿರುತ್ತದೆ. ಇವೆರಡರ ಮಧ್ಯೆ ಒಂದು ದಿನ ನೆರಳು ದಕ್ಷಿಣಕ್ಕೂ ಇಲ್ಲ, ಉತ್ತರಕ್ಕೂ ಇಲ್ಲ. ಕೋಲಿನ ಕೆಳಗೇ ಅಡಗಿಕೊಳ್ಳುತ್ತದೆ. ದಿನಾ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬರುತ್ತಾನೆ ಅಂತ ನಾವೆಲ್ಲಾ ಹೇಳುತ್ತೇವೆ, ಅಲ್ವಾ? ನಿಮ್ಮ ಊರಲ್ಲಿ ವರ್ಷಕ್ಕೆ ಎರಡೇ ದಿನ ಹಾಗೆ ಆಗುವುದು. ಒಂದು ಏಪ್ರಿಲ್ ಕೊನೆಯಲ್ಲಿ ಬರುತ್ತದೆ, ಆಗ ಬೇಸಿಗೆ ರಜೆ. ಇನ್ನೊಂದು ದಾವಣಗೆರೆಗೆ ಆಗಸ್ಟ್ 14ರ ಸುಮಾರು, ಚಿತ್ರದುರ್ಗ ಮತ್ತು ನಿಮ್ಮ ಹೊಳಲ್ಕೆರೆಗೆ ಆಗಸ್ಟ್ 15ರ ಸುಮಾರು.

ಅಂದರೆ ಸ್ವಾತಂತ್ರ್ಯ ದಿನ. ಧ್ವಜದ ಕಂಬ ಅಂಗಳದಲ್ಲೇ ನಿಂತಿರುತ್ತದೆ, ಮಕ್ಕಳೂ ಬಂದಿರುತ್ತಾರೆ. ಸಿಹಿ ಹಂಚಿದ ಮೇಲೆ ಮನೆಗೆ ಕಳಿಸಬೇಡಿ, ಊರವರನ್ನೂ ಸ್ವಲ್ಪ ಹೊತ್ತು ಇರಿ ಅನ್ನಿ. ಹನ್ನೆರಡೂ ಕಾಲಿಗೆ ಕಂಬದ ಸುತ್ತ ನಿಲ್ಲಿಸಿ, ಸೂರ್ಯನ ಕಡೆ ನೋಡಬಾರದು, ನೆಲವನ್ನಷ್ಟೇ ನೋಡಬೇಕು ಅಂತ ಹೇಳಿ. ಶ್ರಾವಣದ ಮೋಡ ಮುಚ್ಚಿದರೆ ಬೇಸರ ಬೇಡ, ಹಿಂದಿನ ದಿನ ಮುಂದಿನ ದಿನ ಕೂಡ ನೆರಳು ಕಂಡೂ ಕಾಣದಷ್ಟೇ ಇರುತ್ತದೆ. ಆವತ್ತು ಮಕ್ಕಳು ಏನಂದರು ಅಂತ ಅವರ ಮಾತಲ್ಲೇ ನನಗೆ ಬರೆದು ಕಳಿಸಿ.